ಏಟು ಬಿದ್ದ ಕಣ್ಣಿಗೆ ಪೊರೆ: ಯಾವಾಗ ಓಡಬೇಕು, ಯಾವಾಗ ಕಾಯಬೇಕು

ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಓದುಗರಿಂದ ಈ ಪ್ರಶ್ನೆಯೂ ಶುರುವಾಗುತ್ತದೆ. "ಎರಡು ತಿಂಗಳ ಹಿಂದೆ ಕಾಫಿ ಕಡ್ಡಿ ಕಣ್ಣಿಗೆ ಚುಚ್ಚಿತ್ತು. ಆಗ ಏನೂ ಅನ್ನಿಸಲಿಲ್ಲ. ಈಗ ಮಂಜು ಮಂಜಾಗಿ ಕಾಣುತ್ತಿದೆ, ಪೊರೆ ಅಂತಿದ್ದಾರೆ. ಕಣ್ಣಿನ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಬಹುದಾ?" ಕೆಲವರಿಗೆ ಕರಿಮೆಣಸು ಕೊಯ್ಯುವಾಗ ಏಣಿಯ ಮೇಲೆ ಬಳ್ಳಿ ಬಡಿದಿರುತ್ತದೆ. ಕೆಲವರಿಗೆ ಕಳೆ ಹೊಡೆಯುವ ಮಿಷನ್ನಿನಿಂದ ಕಲ್ಲು ಸಿಡಿದಿರುತ್ತದೆ. ಸೌದೆ ಸೀಳುವಾಗ ಬೆಣೆಯಿಂದ ಕಬ್ಬಿಣದ ಚೂರು ಹಾರಿದ್ದೂ ಉಂಟು.

ಎಲ್ಲರಿಗೂ ಒಂದೇ ಮಾತು ಹೇಳಬೇಕಿದೆ. ಗಾಯ ತುರ್ತು. ಪೊರೆ ಬಹುಮಟ್ಟಿಗೆ ತುರ್ತಲ್ಲ. ಆದರೆ ನಾವು ಮಾಡುವುದು ಉಲ್ಟಾ. ಗಾಯ ಆದ ದಿನ "ನಾಳೆ ನೋಡೋಣ" ಅಂತೇವೆ. ಪೊರೆ ಕಂಡ ದಿನ "ಇವತ್ತೇ ತೆಗೆಸಿಬಿಡೋಣ" ಅಂತೇವೆ. ಇದರಿಂದ ಹೋಗುವ ಕಣ್ಣುಗಳು ಜಾಸ್ತಿ. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಪೊರೆ ಅಂದರೇನು ನೋಡೋಣ. ಕಪ್ಪು ಪಾಪೆಯ ಹಿಂದೆ ಒಂದು ಮಸೂರ ಇದೆ. ಅದೇ ಕಣ್ಣಿನ ಲೆನ್ಸ್. ಅಗಲ ಸುಮಾರು 9ರಿಂದ 10 ಮಿ.ಮೀ., ದಪ್ಪ ಸುಮಾರು 4 ಮಿ.ಮೀ. ಅದು ಕ್ಯಾಪ್ಸೂಲ್ ಎಂಬ ತೆಳು ಚೀಲದೊಳಗೆ ಕೂತಿರುತ್ತದೆ. ಆ ಚೀಲವನ್ನು ಸುತ್ತಲಿಂದ ನೂರಾರು ಸಣ್ಣ ಎಳೆಗಳು ಎಳೆದು ಹಿಡಿದಿರುತ್ತವೆ. ವಯಸ್ಸಾದಾಗ ಬರುವ ಪೊರೆಯಲ್ಲಿ ಲೆನ್ಸ್ ನಿಧಾನಕ್ಕೆ ಮಸುಕಾಗುತ್ತದೆ, ಚೀಲ ಮತ್ತು ಎಳೆ ಸಾಮಾನ್ಯವಾಗಿ ಗಟ್ಟಿ ಇರುತ್ತವೆ. ಪೆಟ್ಟಿನ ಪೊರೆಯ ಕಥೆಯೇ ಬೇರೆ. ಚೂಪಾದ ವಸ್ತು ಚೀಲವನ್ನು ಹರಿದರೆ ಕಣ್ಣಿನ ಒಳಗಿನ ನೀರು ಲೆನ್ಸಿಗೆ ನುಗ್ಗಿ, ಬೇಯಿಸಿದ ಮೊಟ್ಟೆಯ ಬಿಳಿ ಥರ ಅದು ಬೆಳ್ಳಗಾಗುತ್ತದೆ. ಕೆಲವೊಮ್ಮೆ ಒಂದೆರಡು ದಿನದಲ್ಲೇ. ಚೆಂಡು, ಕಟ್ಟಿಗೆ, ಮುಷ್ಟಿಯಂಥ ಮೊಂಡು ಏಟಾದರೆ ಚೀಲ ಹರಿಯದೆಯೂ ಪೊರೆ ಬರಬಹುದು. ಅದು ತಿಂಗಳು, ವರ್ಷ ಕಳೆದ ಮೇಲೆ ಕಾಣಿಸುವುದೂ ಇದೆ. ಜೊತೆಗೆ ಎಳೆಗಳು ಕಿತ್ತು ಲೆನ್ಸ್ ಅಲ್ಲಾಡುತ್ತಿರಬಹುದು, ಹಿಂದಿನ ರೆಟಿನಾಗೂ ಪೆಟ್ಟಾಗಿರಬಹುದು. ರೆಟಿನಾ ಅಂದರೆ ಕಣ್ಣಿನ ಹಿಂಗೋಡೆಯಲ್ಲಿರುವ, ಚಿತ್ರ ಮೂಡುವ ಪದರ.

ಹಾಗಾಗಿ "ಪಕ್ಕದ ಮನೆ ಅಜ್ಜಿಗೆ ಹತ್ತು ನಿಮಿಷದಲ್ಲಿ ಆಯ್ತಲ್ಲ" ಅನ್ನುವ ಹೋಲಿಕೆ ಇಲ್ಲಿ ನಡೆಯುವುದಿಲ್ಲ.

1. ಮೊದಲ ಒಂದು ಗಂಟೆ

ಕಣ್ಣು ಉಜ್ಜಬೇಡಿ. ಒತ್ತಿ ಬಟ್ಟೆ ಕಟ್ಟಬೇಡಿ. ಚುಚ್ಚಿಕೊಂಡಿರುವ ಕಡ್ಡಿ, ತಂತಿ ಏನೇ ಇದ್ದರೂ ಕೀಳಬೇಡಿ. ಗಾಯವನ್ನು ಸದ್ಯಕ್ಕೆ ಮುಚ್ಚಿಟ್ಟಿರುವುದು ಅದೇ ಇರಬಹುದು. ಕಿತ್ತರೆ ಕಣ್ಣಿನ ಒಳಗಿನದೆಲ್ಲ ಹೊರಗೆ ಬಂದೀತು.

ಒಂದು ಪೇಪರ್ ಲೋಟ ತೆಗೆದುಕೊಳ್ಳಿ. ತೋಟದಲ್ಲಿ ಚಹಾ ಕುಡಿಯುವ ಅದೇ ಲೋಟ, ಶುಚಿಯಾದದ್ದು. ಅರ್ಧಕ್ಕೆ ಕತ್ತರಿಸಿ ತಳದ ಭಾಗ ಇಟ್ಟುಕೊಳ್ಳಿ. ಅದನ್ನು ಕಣ್ಣಿನ ಮೇಲೆ ಬೋರಲಾಗಿ, ಅಂಚು ಹುಬ್ಬಿನ ಮೂಳೆ ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವ ಹಾಗೆ ಇಟ್ಟು ಟೇಪ್ ಅಂಟಿಸಿ. ಲೋಟ ಕಣ್ಣುಗುಡ್ಡೆಗೆ ಎಲ್ಲೂ ತಾಗಬಾರದು. ದಾರಿಯುದ್ದಕ್ಕೂ ಗಾಡಿ ಎತ್ತಿ ಹಾಕಿದರೂ ಕಣ್ಣಿನ ಮೇಲೆ ಒತ್ತಡ ಬೀಳದಂತೆ ಇದು ಕಾಯುತ್ತದೆ.

ಎದೆಹಾಲು, ಹರಳೆಣ್ಣೆ, ಜೇನು, ಸೊಪ್ಪಿನ ರಸ, ಯಾವುದನ್ನೂ ಹಾಕಬೇಡಿ. ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಕೂಡ ಬೇಡ. ಗಿಡದ ಕಡ್ಡಿ, ಮಣ್ಣು ತಾಗಿದ ಗಾಯದಲ್ಲಿ ಫಂಗಸ್ ಸೋಂಕಿನ ಭಯ ಇರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ನೋವಿಗೆ ಆಸ್ಪಿರಿನ್ ನುಂಗಬೇಡಿ, ಕಣ್ಣೊಳಗೆ ರಕ್ತ ಇದ್ದರೆ ಜಾಸ್ತಿಯಾದೀತು. ಅನ್ನ, ಕಾಫಿ ಕೊಡಬೇಡಿ. ಅಂದೇ ಮತ್ತು ಬರುವ ಔಷಧಿ ಕೊಟ್ಟು ಹೊಲಿಗೆ ಹಾಕಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ನೀರು ಹಾಕಿ ತೊಳೆಯುವುದು ಒಂದೇ ಸಂದರ್ಭದಲ್ಲಿ: ಸುಣ್ಣ, ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ, ಬ್ಯಾಟರಿ ಆಸಿಡ್, ಯಾವುದಾದರೂ ಔಷಧಿ ಕಣ್ಣಿಗೆ ಸಿಡಿದಾಗ. ಆಗ ಒಂದು ನಿಮಿಷವೂ ತಡ ಮಾಡದೆ, ರೆಪ್ಪೆ ಬಿಡಿಸಿ ಹಿಡಿದು, ಅರ್ಧ ಗಂಟೆ ಶುದ್ಧ ನೀರು ಹರಿಸಿ. ಆಮೇಲೆ ಆಸ್ಪತ್ರೆ. ಸುಣ್ಣವಂತೂ ಕಣ್ಣಿನ ಒಳಗೆ ಇಳಿಯುತ್ತಲೇ ಹೋಗುತ್ತದೆ. ಅದರಿಂದಲೂ ಮುಂದೆ ಪೊರೆ ಬರುವುದುಂಟು.

ಇಲ್ಲಿ ಜನ ಹೆಚ್ಚು ಮೋಸ ಹೋಗುವುದು ಸುತ್ತಿಗೆಯ ಏಟಿನಲ್ಲಿ. ಹಳೇ ಬೆಣೆಯ ತಲೆ ನೋಡಿದ್ದೀರಾ? ಹೊಡೆದು ಹೊಡೆದು ಅಂಚು ಅಣಬೆಯ ಹಾಗೆ ಹೊರಗೆ ಮಡಚಿರುತ್ತದೆ. ಅಲ್ಲಿಂದ ಸಾಸಿವೆಗಿಂತ ಸಣ್ಣ ಚೂರು ಸಿಡಿದು ಕಣ್ಣಿನೊಳಗೆ ಹೋಗಬಹುದು. ನೋವು ಸ್ವಲ್ಪವೇ. ಹೊರಗೆ ಒಂದು ಕೆಂಪು ಚುಕ್ಕೆ ಅಷ್ಟೇ. ಆದರೆ ಕಬ್ಬಿಣ ಒಳಗೆ ಉಳಿದರೆ ತುಕ್ಕು ಬಿಟ್ಟು ಪೊರೆಯನ್ನೂ ತರುತ್ತದೆ, ರೆಟಿನಾವನ್ನೂ ಕೊಲ್ಲುತ್ತದೆ. "ಲೋಹದ ಮೇಲೆ ಲೋಹ ಹೊಡೆಯುವಾಗ ಏನೋ ತಾಗಿತು" ಅಂತಾದರೆ, ಚೆನ್ನಾಗಿ ಕಾಣುತ್ತಿದ್ದರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

2. ಎಲ್ಲಿಗೆ, ಏನು ಹಿಡಿದುಕೊಂಡು

ಪಾಪೆ ಗುಂಡಗಿರದೆ ಒಂದು ಕಡೆಗೆ ಎಳೆದುಕೊಂಡಿದೆ, ಕಣ್ಣೊಳಗೆ ರಕ್ತ ನಿಂತಿದೆ, ದೃಷ್ಟಿ ಒಮ್ಮೆಲೇ ಇಳಿದಿದೆ. ಇವುಗಳಲ್ಲಿ ಒಂದಿದ್ದರೂ ಕಣ್ಣುಗುಡ್ಡೆಯೇ ಒಡೆದಿರಬಹುದು. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ. ಒಡೆದ ಕಣ್ಣಿಗೆ 24 ಗಂಟೆಯೊಳಗೆ ಹೊಲಿಗೆ ಬಿದ್ದರೆ ಒಳಗೆ ಕೀವಾಗುವ ಅಪಾಯ ಕಡಿಮೆ.

ಹತ್ತಿರದ ತಾಲೂಕು ಆಸ್ಪತ್ರೆ ಅಥವಾ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಧನುರ್ವಾಯು ತಡೆಯುವ ಇಂಜೆಕ್ಷನ್ ಮತ್ತು ರೆಫರಲ್ ಚೀಟಿ ಪಡೆಯಿರಿ. ಮುಂದಕ್ಕೆ ಕಳಿಸಿದರೆ ಸರ್ಕಾರಿ ಕಡೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಗಳೂರಿನ ವೆನ್‌ಲಾಕ್, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇವೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ದೊಡ್ಡ ಮಳೆಯಲ್ಲಿ ರಸ್ತೆಗೆ ಮರ ಬಿದ್ದರೆ ಎಷ್ಟು ಹೊತ್ತಾಗುತ್ತದೆ ಅಂತ ನಿಮಗೇ ಗೊತ್ತಲ್ವಾ? ಹೊರಡುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: "ಕಣ್ಣಿನ ಗಾಯಕ್ಕೆ ಇವತ್ತು ಆಪರೇಷನ್ ಮಾಡುವ ಡಾಕ್ಟರ್ ಇದ್ದಾರಾ? ರೆಟಿನಾ ಡಾಕ್ಟರ್ ಇದ್ದಾರಾ?"

ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇಟ್ಟುಕೊಳ್ಳಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದಕ್ಕೇ ಆ ಚೀಟಿ ಕಳೆದುಕೊಳ್ಳಬೇಡಿ ಅನ್ನುವುದು.

ಕೆಲಸದ ವೇಳೆ ಆದ ಗಾಯವಾದರೆ, ಎಲ್ಲಿ, ಯಾವಾಗ, ಯಾವುದರಿಂದ ಆಯಿತು ಅಂತ ಆಸ್ಪತ್ರೆಯ ದಾಖಲೆಯಲ್ಲಿ ಸರಿಯಾಗಿ ಬರೆಸಿ. "ಮನೆಯಲ್ಲಿ ಬಿದ್ದ" ಅಂತ ಸುಮ್ನೆ ಬರೆಸಿದರೆ ಮುಂದೆ ಪರಿಹಾರ ಕೇಳಲು ಕಷ್ಟ. ಡಾಕ್ಟರಿಗೂ ದಾರಿ ತಪ್ಪುತ್ತದೆ. ಕಡ್ಡಿಯೋ ಕಬ್ಬಿಣವೋ ಅನ್ನುವುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. ತೋಟದ ಮಾಲೀಕರಿಗೆ, ಲೆಕ್ಕ ನೋಡುವ ರೈಟರಿಗೆ ಒಂದು ಮನವಿ. ತೋಟದ ಲೈನ್ ಮನೆಯಲ್ಲಿರುವ ಅಸ್ಸಾಂ ಕಡೆಯ ಕೆಲಸಗಾರರಿಗೆ ಕಣ್ಣಿಗೆ ಏಟಾದರೆ, ಅವರ ಭಾಷೆ ಬರುವವರೊಬ್ಬರನ್ನು ದಯವಿಟ್ಟು ಜೊತೆಗೆ ಕಳಿಸಿ. ಏನಾಯಿತು ಅಂತ ಹೇಳಲಾಗದೆ ಹೋದರೆ ಅರ್ಧ ಚಿಕಿತ್ಸೆ ಅಲ್ಲೇ ಕೆಡುತ್ತದೆ.

3. ಪರೀಕ್ಷೆಗಳು

ಮೊದಲು ಅಕ್ಷರ ಓದಿಸುತ್ತಾರೆ. ಆಮೇಲೆ ಸ್ಲಿಟ್ ಲ್ಯಾಂಪ್, ಅಂದರೆ ಗದ್ದ ಇಟ್ಟು ಕೂರುವ ಸೂಕ್ಷ್ಮದರ್ಶಕ. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುತ್ತಾ ಪಾಪೆ ಕುಗ್ಗುವುದನ್ನು ನೋಡುತ್ತಾರೆ. ಈ ಸಣ್ಣ ಪರೀಕ್ಷೆ ಬಹಳ ಹೇಳುತ್ತದೆ. ಬೆಳಕಿಗೆ ಪಾಪೆ ಸರಿಯಾಗಿ ಸ್ಪಂದಿಸದಿದ್ದರೆ ಕಣ್ಣಿನ ನರಕ್ಕೋ ರೆಟಿನಾಗೋ ಪೆಟ್ಟಾಗಿದೆ ಎಂಬ ಅನುಮಾನ. ಆಗ ಪೊರೆ ತೆಗೆದರೂ ದೃಷ್ಟಿ ಬರುವ ಭರವಸೆ ಕಡಿಮೆ.

ಪೊರೆ ಬೆಳ್ಳಗೆ ಗೋಡೆಯ ಹಾಗೆ ನಿಂತಿದ್ದರೆ ಹಿಂದಿನ ರೆಟಿನಾ ಕಾಣುವುದಿಲ್ಲ. ಅದಕ್ಕೆ ಬಿ-ಸ್ಕ್ಯಾನ್, ಅಂದರೆ ಕಣ್ಣಿನ ಅಲ್ಟ್ರಾಸೌಂಡ್. ಕಣ್ಣು ಒಡೆದಿದ್ದರೆ ಹೊಲಿಗೆ ಆಗುವವರೆಗೆ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ, ಒತ್ತಡ ಬೀಳುತ್ತದೆ. ಲೋಹದ ಚೂರಿನ ಅನುಮಾನ ಇದ್ದರೆ ಸಿಟಿ ಸ್ಕ್ಯಾನ್. ಎಂಆರ್‌ಐ ಬೇಡವೇ ಬೇಡ. ಅದರ ಅಯಸ್ಕಾಂತ ಒಳಗಿನ ಕಬ್ಬಿಣದ ಚೂರನ್ನು ಎಳೆದಾಡಿ ಇನ್ನಷ್ಟು ಹರಿಯಬಹುದು. ಯಾರಾದರೂ ಎಂಆರ್‌ಐ ಅಂದರೆ "ಸುತ್ತಿಗೆ ಕೆಲಸದಲ್ಲಿ ಆದ ಗಾಯ" ಅಂತ ನೀವೇ ಬಾಯಿಬಿಟ್ಟು ಹೇಳಿ.

4. ಮೊದಲು ಹೊಲಿಗೆ, ಆಮೇಲೆ ಪೊರೆ

ಕಣ್ಣು ಒಡೆದಿದ್ದರೆ ಮೊದಲ ಆಪರೇಷನ್ನಿನ ಉದ್ದೇಶ ಒಂದೇ: ಗಾಯ ಮುಚ್ಚುವುದು. ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ, ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ಒಡೆದ ಕಣ್ಣಿನ ಹಿಂದೆ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದರೆ ಒತ್ತಡ ಏರುತ್ತದೆ. ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಮತ್ತು ಕೊಡುತ್ತಾರೆ.

ಇಲ್ಲಿ ಮನೆಯವರು ಕೇಳುವುದು: "ಹೇಗೂ ಒಳಗೆ ಹೋಗಿದ್ದೀರಿ, ಪೊರೆಯನ್ನೂ ತೆಗೆದುಬಿಡಿ." ನ್ಯಾಯವಾದ ಆಸೆ. ಕೆಲವೊಮ್ಮೆ ಡಾಕ್ಟರ್ ಹಾಗೆ ಮಾಡುವುದೂ ಇದೆ. ಚೀಲ ಪೂರ್ತಿ ಹರಿದು ಲೆನ್ಸಿನ ಬಿಳಿ ಚೂರುಗಳು ಕಣ್ಣಿನ ಮುಂಭಾಗದಲ್ಲಿ ತುಂಬಿದ್ದರೆ, ಕಣ್ಣಿನ ಒತ್ತಡ ಏರುತ್ತಿದ್ದರೆ ಕಾಯುವ ಹಾಗಿಲ್ಲ. ಉಳಿದಂತೆ ಕಾಯುವುದೇ ಹೆಚ್ಚಿನ ಸಲ ಒಳ್ಳೆಯದು. ಆ ದಿನ ಕಾರ್ನಿಯಾ ಊದಿರುತ್ತದೆ. ಕಾರ್ನಿಯಾ ಅಂದರೆ ಗಡಿಯಾರದ ಗಾಜಿನ ಹಾಗೆ ಕಣ್ಣಿನ ಮುಂದಿರುವ ಪಾರದರ್ಶಕ ಪದರ. ಅದು ಮಂಜಾದರೆ ಡಾಕ್ಟರಿಗೆ ಒಳಗೆ ಸರಿಯಾಗಿ ಕಾಣುವುದಿಲ್ಲ. ಸೋಂಕು ಇದೆಯೋ ಇಲ್ಲವೋ ಇನ್ನೂ ತಿಳಿದಿರುವುದಿಲ್ಲ. ಹೊಸ ಲೆನ್ಸಿನ ಪವರ್ ಲೆಕ್ಕ ಹಾಕಲು ಅಳತೆಯೂ ಸಿಗುವುದಿಲ್ಲ. ಈ ಅಳತೆಗೆ ಬಯೋಮೆಟ್ರಿ ಅನ್ನುತ್ತಾರೆ. ಕಣ್ಣಿನ ಉದ್ದದಲ್ಲಿ ಒಂದು ಮಿ.ಮೀ. ತಪ್ಪಾದರೂ ಕನ್ನಡಕದ ನಂಬರ್ ಎರಡೂವರೆ, ಮೂರರಷ್ಟು ಏರುಪೇರಾಗುತ್ತದೆ. ಗಾಯದ ಕಣ್ಣಿನ ಕಾರ್ನಿಯಾ ಅಳೆಯಲು ಆಗದಿದ್ದರೆ ಇನ್ನೊಂದು ಕಣ್ಣಿನ ಅಳತೆ ತೆಗೆದುಕೊಳ್ಳುವ ರೂಢಿಯೂ ಇದೆ. ಆರೋಗ್ಯವಾಗಿರುವ ಕಣ್ಣನ್ನೂ ಯಾಕೆ ಪರೀಕ್ಷಿಸುತ್ತಾರೆ ಅಂತ ಗಾಬರಿ ಬೇಡ.

5. ಪೊರೆ ತೆಗೆಯುವ ಸಮಯ

ಉರಿಯೂತ ಇಳಿದು ಕಣ್ಣಿನ ಕೆಂಪು ಹೋಗಬೇಕು. ಸಾಮಾನ್ಯವಾಗಿ ಕೆಲವು ವಾರ. ಹಾಗಂತ "ಪೊರೆ ಬಲಿಯಲಿ" ಅಂತ ವರ್ಷಗಟ್ಟಲೆ ಇಡುವುದೂ ತಪ್ಪು. ಬಲಿಯುವುದಕ್ಕೆ ಕಾಯಬೇಕು ಅನ್ನುವುದು ಹಳೇ ಕಾಲದ ಮಾತು. ಕಾಯುವ ದಿನಗಳಲ್ಲಿ ತಲೆನೋವು, ವಾಂತಿ, ಕಣ್ಣು ಕೆಂಪಾಗಿ ಸಿಡಿಯುವ ನೋವು ಬಂದರೆ ಲೆನ್ಸ್ ಊದಿ ಒತ್ತಡ ಏರಿರಬಹುದು. ಮುಂದಿನ ಡೇಟಿಗೆ ಕಾಯದೆ ಅಂದೇ ಹೋಗಿ.

ಮಕ್ಕಳ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಏಳೆಂಟು ವರ್ಷದವರೆಗೆ ಮಿದುಳು ನೋಡುವುದನ್ನು ಕಲಿಯುತ್ತಿರುತ್ತದೆ. ಒಂದು ಕಣ್ಣು ಪೊರೆಯಿಂದ ಮುಚ್ಚಿಹೋದರೆ ಮಿದುಳು ಅದನ್ನು ಕೈಬಿಡುತ್ತದೆ. ಇದನ್ನೇ ಸೋಮಾರಿ ಕಣ್ಣು ಅನ್ನುವುದು. ಆಮೇಲೆ ಎಷ್ಟೇ ಚೆನ್ನಾಗಿ ಆಪರೇಷನ್ ಆದರೂ ದೃಷ್ಟಿ ಪೂರ್ತಿ ಮರಳುವುದು ಕಷ್ಟ. ಹಾಗಾಗಿ ಮಕ್ಕಳಲ್ಲಿ ಬೇಗ ತೆಗೆಯುತ್ತಾರೆ. ಆಪರೇಷನ್ ಆದ ಮೇಲೆ ಕನ್ನಡಕ ಬೇಕು, ದಿನಕ್ಕೆ ಕೆಲವು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಇನ್ನೊಂದಕ್ಕೆ ಕೆಲಸ ಕೊಡಬೇಕು. ಈ ಪಟ್ಟಿಯ ವಿಷಯದಲ್ಲಿ ಬಹಳ ಮನೆಗಳು ಸೋಲುತ್ತವೆ. ಮಗು ಅಳುತ್ತದೆ, ಅಜ್ಜಿ ಬಿಚ್ಚುತ್ತಾರೆ. ಆಪರೇಷನ್ನಿನಷ್ಟೇ ದೊಡ್ಡ ಚಿಕಿತ್ಸೆ ಅದು. ಇನ್ನೊಂದು: ಚಿನ್ನಿದಾಂಡು, ಪೆನ್ಸಿಲ್, ಪಟಾಕಿ ತಾಗಿದ್ದನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. "ಕಣ್ಣಿಗೆ ಏನೇ ತಾಗಿದರೂ ಹೇಳು, ಬೈಯಲ್ಲ" ಅಂತ ಮೊದಲೇ ಹೇಳಿಟ್ಟಿರಿ.

6. ಆಪರೇಷನ್ ಟೇಬಲ್ ಮೇಲೆ

ಮಸುಕಾದ ಲೆನ್ಸ್ ತೆಗೆದು ಕೃತಕ ಲೆನ್ಸ್ ಇಡುವುದು ಇಲ್ಲಿಯೂ ಅದೇ. ಆದರೆ ದಾರಿಗಳು ಹಲವು. ಚಿಕ್ಕ ವಯಸ್ಸಿನವರ ಲೆನ್ಸ್ ಮೆತ್ತಗಿರುತ್ತದೆ, ಹೀರಿ ತೆಗೆಯಬಹುದು. ಗಟ್ಟಿಯಾಗಿದ್ದರೆ ಫೇಕೋ, ಅಂದರೆ ಶಬ್ದತರಂಗದಿಂದ ಪುಡಿಮಾಡಿ ಹೀರುವುದು. ಅಥವಾ ಸ್ವಲ್ಪ ದೊಡ್ಡ ಗಾಯ ಮಾಡಿ ಇಡಿಯಾಗಿ ತೆಗೆಯುವ ವಿಧಾನ. ಬಿಳಿ ಪೊರೆಯ ಮೇಲೆ ಚೀಲ ಕಾಣದ್ದರಿಂದ ನೀಲಿ ಬಣ್ಣ ಹಾಕಿ ಅದನ್ನು ಎದ್ದು ಕಾಣುವಂತೆ ಮಾಡುತ್ತಾರೆ.

ಹೊಸ ಲೆನ್ಸ್ ಎಲ್ಲಿ ಕೂರುತ್ತದೆ ಅನ್ನುವುದು ಚೀಲದ ಸ್ಥಿತಿಯ ಮೇಲೆ. ಚೀಲ ಗಟ್ಟಿ ಇದ್ದರೆ ಅದರೊಳಗೆ. ಕೆಲವು ಎಳೆ ಮಾತ್ರ ಕಿತ್ತಿದ್ದರೆ ಚೀಲದೊಳಗೆ ಒಂದು ಉಂಗುರ ಇಟ್ಟು ಬಿಗಿ ಮಾಡುತ್ತಾರೆ. ಚೀಲದ ಹಿಂಬದಿ ಮಾತ್ರ ಹರಿದಿದ್ದರೆ ಅದರ ಮುಂದಿನ ಅಂಚಿನ ಮೇಲೆ ಇಡಬಹುದು. ಚೀಲವೇ ಇಲ್ಲದಿದ್ದರೆ ಲೆನ್ಸನ್ನು ಕಣ್ಣಿನ ಬಣ್ಣದ ಪರದೆಗೆ ಕೊಕ್ಕೆ ಹಾಕಿ ಕೂರಿಸುತ್ತಾರೆ, ಅಥವಾ ಬಿಳಿಗುಡ್ಡೆಯ ಗೋಡೆಗೆ ಕಟ್ಟುತ್ತಾರೆ. ಕೆಲವೊಮ್ಮೆ ಅಂದು ಲೆನ್ಸ್ ಇಡದೆ ತಿಂಗಳುಗಳ ಮೇಲೆ ಇಡುತ್ತಾರೆ. ಅದು ಆಪರೇಷನ್ ಕೆಟ್ಟಿತು ಅಂತಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿಬಿಡಿ: "ಚೀಲ ಸರಿ ಇಲ್ಲದಿದ್ದರೆ ಏನು ಮಾಡುತ್ತೀರಿ? ಲೆನ್ಸ್ ಹಿಂದಕ್ಕೆ ಜಾರಿ ಬಿದ್ದರೆ ತೆಗೆಯುವವರು ಇಲ್ಲೇ ಇದ್ದಾರಾ?" ಈ ಎರಡನೇ ಪ್ರಶ್ನೆಯಿಂದಲೇ ಪೆಟ್ಟಿನ ಪೊರೆಗೆ ಕ್ಯಾಂಪ್ ಸರಿಯಾದ ಜಾಗ ಅಲ್ಲ ಅನ್ನುವುದು. ಕ್ಯಾಂಪಿನಲ್ಲಿ ಪರೀಕ್ಷೆ ಮಾಡಿಸಿ. ಆದರೆ ಏಟು ಬಿದ್ದದ್ದನ್ನು ಹೇಳಿ, ದೊಡ್ಡ ಆಸ್ಪತ್ರೆಗೆ ಕಳಿಸಿ ಅನ್ನಿ.

ದುಬಾರಿ ಮಲ್ಟಿಫೋಕಲ್ ಲೆನ್ಸ್, ಅಂದರೆ ಹತ್ತಿರ ದೂರ ಎರಡಕ್ಕೂ ಆಗುವಂಥದ್ದು, ಪೆಟ್ಟು ಬಿದ್ದ ಕಣ್ಣಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಸಾದಾ ಲೆನ್ಸ್ ಹಾಕಿಸಿ, ಓದಲು ಕನ್ನಡಕ ಇಟ್ಟುಕೊಳ್ಳಿ. "ಪ್ಲಾಸ್ಟಿಕ್ ಕಣ್ಣೊಳಗೆ ಇರುತ್ತಾ?" ಅಂತ ಹೆದರುವವರಿಗೆ ಒಂದು ಮಾತು. ಈ ಲೆನ್ಸ್ ಹುಟ್ಟಿದ್ದೇ ಕಣ್ಣಿನ ಗಾಯದಿಂದ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಂಗಾಜು ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಅಕ್ರಿಲಿಕ್ ಚೂರುಗಳು ಒಳಗೆ ಸುಮ್ಮನೆ ಕೂತಿದ್ದವು, ಕೆರಳಲಿಲ್ಲ. ಅದನ್ನು ಗಮನಿಸಿದ ಡಾ. ಹೆರಾಲ್ಡ್ ರಿಡ್ಲಿ 1949ರ ನವೆಂಬರ್ 29ರಂದು ಲಂಡನ್ನಿನಲ್ಲಿ ಮೊದಲ ಕೃತಕ ಲೆನ್ಸ್ ಕೂರಿಸಿದರು.

7. ಮನೆಗೆ ಬರುವ ದಾರಿ

ಕೊಡಗಿನವರು ಇದನ್ನು ಎರಡು ಸಲ ಓದಿ. ರೆಟಿನಾಗೂ ಆಪರೇಷನ್ ಆಗಿದ್ದರೆ ಕೆಲವೊಮ್ಮೆ ಕಣ್ಣಿನೊಳಗೆ ಗ್ಯಾಸ್ ತುಂಬಿರುತ್ತಾರೆ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಈ ಗ್ಯಾಸ್ ಹಿಗ್ಗುತ್ತದೆ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಸಂಪಾಜೆ ಘಾಟಿ ಹತ್ತಿದರೆ ಕಣ್ಣಿನ ಒತ್ತಡ ಏರಿ ದಾರಿಯಲ್ಲೇ ದೃಷ್ಟಿ ಹೋಗುವ ಅಪಾಯ ಇದೆ. ಮೈಸೂರಿನಿಂದ ಬರುವಾಗಲೂ ಏರು ಇದೆ. ಡಿಸ್ಚಾರ್ಜ್ ಆಗುವಾಗ "ಒಳಗೆ ಗ್ಯಾಸ್ ಇದೆಯಾ? ನಮ್ಮೂರು ಬೆಟ್ಟದ ಮೇಲಿದೆ, ಯಾವಾಗ ಹೋಗಬಹುದು?" ಅಂತ ಕೇಳಿ. ಗ್ಯಾಸ್ ಯಾವುದು ಅನ್ನುವುದರ ಮೇಲೆ ಕರಗಲು ಎರಡು ವಾರವೂ ಆಗಬಹುದು, ಎರಡು ತಿಂಗಳೂ ಹಿಡಿಯಬಹುದು. ಅಲ್ಲಿವರೆಗೆ ಕೆಳಗೇ ನೆಂಟರ ಮನೆಯಲ್ಲಿ ಉಳಿಯುವುದು ಮೇಲು. ಸಿಲಿಕಾನ್ ಎಣ್ಣೆ ತುಂಬಿದ್ದರೆ ಈ ಭಯ ಇಲ್ಲ.

8. ಮನೆಯಲ್ಲಿ

ಕೈ ತೊಳೆದು ಡ್ರಾಪ್ಸ್ ಹಾಕಿ. ಒಂದು ಡ್ರಾಪ್ಸ್‌ಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಿ. ಸ್ಟೀರಾಯ್ಡ್ ಡ್ರಾಪ್ಸನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಹೇಳಿದಂತೆ ಇಳಿಸುತ್ತಾ ಬನ್ನಿ. ಒಲೆ ಹೊಗೆ, ಕಣದ ಧೂಳು, ಕಾಫಿ ಮೂಟೆ ಎತ್ತುವುದು, ಇವೆಲ್ಲ ಡಾಕ್ಟರ್ ಸರಿ ಅನ್ನುವವರೆಗೆ ಬೇಡ. ಮಲಗುವಾಗ ಶೀಲ್ಡ್, ಅಂದರೆ ಕಣ್ಣಿನ ಮೇಲಿನ ಗಟ್ಟಿ ಮುಚ್ಚಳ, ಹಾಕಿ.

ನೋವು ಜಾಸ್ತಿಯಾದರೆ, ಕೆಂಪು ಏರಿದರೆ, ಕಾಣುವುದು ಕಡಿಮೆಯಾದರೆ, ಮಿಂಚು ಹೊಡೆದಂತೆ, ಕಪ್ಪು ಚುಕ್ಕೆ ಸುರಿದಂತೆ, ಬದಿಯಿಂದ ಪರದೆ ಇಳಿದಂತೆ ಅನ್ನಿಸಿದರೆ ಅದೇ ದಿನ ಹೋಗಿ. ಭಾನುವಾರವಾದರೂ, ಪುತ್ತರಿ ಹಬ್ಬವಾದರೂ.

ಕಾರ್ನಿಯಾದ ಹೊಲಿಗೆ ಬಿಚ್ಚಿದ ಮೇಲೆ ನಂಬರ್ ಬದಲಾಗುತ್ತದೆ. ಅದಕ್ಕೂ ಮೊದಲೇ ದುಬಾರಿ ಕನ್ನಡಕ ಮಾಡಿಸಬೇಡಿ. ತಿಂಗಳುಗಳ ನಂತರ ಮತ್ತೆ ಮಂಜಾದರೆ "ಪೊರೆ ಮತ್ತೆ ಬೆಳೀತು" ಅಂತ ಗಾಬರಿಯಾಗಬೇಡಿ. ಚೀಲದ ಹಿಂಭಾಗ ಮಸುಕಾಗಿರುತ್ತದೆ, ಹೆಚ್ಚಿನವರಿಗೆ ಯಾಗ್ ಲೇಸರ್‌ನಲ್ಲಿ ಕೆಲವೇ ನಿಮಿಷದಲ್ಲಿ ಸರಿಯಾಗುತ್ತದೆ.

9. ಆಮೇಲಿನ ವರ್ಷಗಳು

ಮೊಂಡು ಏಟು ಬಿದ್ದ ಕಣ್ಣಿನಲ್ಲಿ ಒಳಗಿನ ನೀರು ಹರಿದುಹೋಗುವ ಮೂಲೆ ಹರಿದಿರಬಹುದು. ಹಾಗಿದ್ದರೆ ಹತ್ತು ವರ್ಷದ ಮೇಲೂ ಗ್ಲಾಕೋಮಾ, ಅಂದರೆ ಒತ್ತಡ ಏರಿ ನರ ಒಣಗುವ ಕಾಯಿಲೆ, ಬರಬಹುದು. ನೋವೇ ಇರುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ಅಳೆಸಿ. ಒಡೆದ ಗಾಯವಾಗಿದ್ದರೆ ಇನ್ನೊಂದು ಒಳ್ಳೆಯ ಕಣ್ಣಿನ ಮೇಲೂ ನಿಗಾ ಇರಲಿ. ಅಪರೂಪಕ್ಕೆ, ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ, ದೇಹ ಆ ಕಣ್ಣಿನ ಮೇಲೂ ತಿರುಗಿ ಬೀಳುತ್ತದೆ. ಅದು ಕೆಂಪಾದರೆ, ಬೆಳಕು ನೋಡಲಾಗದಿದ್ದರೆ, ಮಂಜಾದರೆ ಮದ್ರಾಸ್ ಐ ಅಂತ ಮನೆಯಲ್ಲಿ ಕೂರಬೇಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆಯ ಕ್ಯಾಲೆಂಡರಿನಿಂದ ಪ್ರತಿ ಸಲ ಒಂದೇ ದೂರದಲ್ಲಿ ನಿಂತು, ಒಂದು ಕಣ್ಣು ಅಂಗೈಯಿಂದ ಮುಚ್ಚಿ ತಾರೀಖು ಓದಿ. ಆಮೇಲೆ ಇನ್ನೊಂದು. ತಿಂಗಳ ಹಾಳೆ ತಿರುಗಿಸುವಾಗಲೆಲ್ಲ ಹೀಗೆ ಮಾಡಿ. ಎರಡೂ ಕಣ್ಣು ತೆರೆದಿದ್ದರೆ ಒಂದು ಕಣ್ಣು ಮಸುಕಾಗುತ್ತಿರುವುದು ಗೊತ್ತೇ ಆಗುವುದಿಲ್ಲ.

ಮರದ ಕೊಂಬೆ ಕಡಿಯುವ ಮರಗಸಿಗೆ, ಮೆಣಸು ಕೊಯ್ಲಿಗೆ, ಕಳೆ ಮಿಷನ್ನಿಗೆ ಹೊರಡುವಾಗ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿ. ಒಡೆಯದ ಗಟ್ಟಿ ಪ್ಲಾಸ್ಟಿಕ್ ಅದು, ಬದಿಯೂ ಮುಚ್ಚಿರುವಂಥದ್ದನ್ನೇ ತೆಗೆದುಕೊಳ್ಳಿ. ಮಂಜು, ಬೆವರಿಗೆ ಮಬ್ಬಾಗುತ್ತದೆ ಅಂತ ಕೆಲಸದವರು ತೆಗೆದು ಜೇಬಿಗೆ ಹಾಕುತ್ತಾರೆ. ಮೇಲ್ಭಾಗದಲ್ಲಿ ಗಾಳಿಯಾಡಲು ಸಂದು ಇರುವ ಮಾದರಿ ಕೊಟ್ಟು ನೋಡಿ. ಮಡಚಿದ ಬೆಣೆಯ ತಲೆಯನ್ನು ಈ ವಾರವೇ ಕಮ್ಮಾರರ ಹತ್ತಿರ ಉಜ್ಜಿಸಿ ತನ್ನಿ.